ಕಪ್ಪು ಮಣ್ಣಿನ ಹಕ್ಕಿ

ಥಾರ್ನ್‌ಹಿಲ್, ಕೆನಡಾ
ಜನವರಿ 21, 2024

ಅಕ್ಷರಾ,

ಬರೀ ನಿನ್ನ ಹೆಸರು ಬರೆದು ಶುರುಮಾಡಿದ್ದೇನೆ. ಮೊದಲು ‘ಚಿರಂಜೀವಿ ಸೌಭಾಗ್ಯವತಿ’ ಎಂದು ಬರೆದು ಅಳಿಸಿದೆ. ನೀನೂ ನೀಲ್‌ನೂ ಬೇರೆಯಾದ ಮೇಲೆ ನಾನು ನಿನಗೆ ಅತ್ತೆಯಲ್ಲ, ನೀನು ನನಗೆ ಸೊಸೆಯಲ್ಲ. ಮತ್ತೇನು ಎಂದು ಯೋಚಿಸಿದರೆ ಅದಕ್ಕೊಂದು ಶಬ್ದ ಸಿಗಲಿಲ್ಲ.

ನಿನ್ನ ಈಮೇಲ್ ವಿಳಾಸ ಕೊಟ್ಟದ್ದು ನಿನ್ನ ಗೆಳತಿ ಮಾಧುರಿ. ಬ್ರ್ಯಾಂಪ್ಟನ್‌ನಲ್ಲಿ ಸಂಕ್ರಾಂತಿಗೆ ಕನ್ನಡದವರೆಲ್ಲ ಸೇರಿದ್ದರು. ಯಾರದೋ ಕಾರಿನಲ್ಲಿ ನಾನೂ ಹೋಗಿದ್ದೆ. ಎಳ್ಳು ಕೊಡುವಾಗ ಅವಳೇ ನಿನ್ನ ಮಾತು ತೆಗೆದಳು. “ಆಕಿ ಆರಾಮ ಅದಾಳ್ರೀ. ಪೆರುದಾಗ ಒಂದು ಸಣ್ಣ ಮ್ಯೂಸಿಯಮ್ಮಿನ್ಯಾಗ ಕೆಲಸ. ಒಡದ ಗಡಿಗಿ ಜೋಡಸ್ತಾಳ. ನೀವ ಒಂದ್ಸಲ ಫೋನ್ ಮಾಡ್ರಲ್ಲ,” ಎಂದಳು. ಫೋನಿನಲ್ಲಿ ನನಗೆ ಮಾತು ತಿಳಿಯುವುದಿಲ್ಲ, ಕಿವಿಯ ಮಿಷನ್ ಹಾಕಿಕೊಂಡರೂ ಬರೀ ಗೊರಗೊರ ಎಂದೆ. “ಹಂಗಾದ್ರ ಬರೀರಿ,” ಎಂದು ನನ್ನ ಐಪ್ಯಾಡಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಟ್ಟಳು. ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದು.

ಬರೆಯುವುದಕ್ಕೆ ಒಂದು ಕಾರಣವಿದೆ. ನಿನ್ನ ಮಾವ ಹೋದ ಮೇಲೆ ಅವರ ಕ್ಲಿನಿಕ್ಕಿನ ಸಾಮಾನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬಂತು. ಬೇಸ್‌ಮೆಂಟಿನಲ್ಲೇ ಇತ್ತು, ಬಿಚ್ಚುವ ಮನಸ್ಸಾಗಿರಲಿಲ್ಲ. ಈಗ ಬೇಸಿಗೆಗೆ ಮನೆ ಮಾರುವುದೆಂದು ನೀಲ್ ನಿಶ್ಚಯಿಸಿದ್ದಾನೆ, ಅದಕ್ಕೆ ಬಿಚ್ಚಿದೆ. ಅದರಲ್ಲಿ ಕಪ್ಪು ಮಣ್ಣಿನ ಜೋಡಿ ಪಾತ್ರೆಯೊಂದಿದೆ. ಎರಡು ಸಣ್ಣ ಗಡಿಗೆಗಳು ಕೆಳಗೊಂದು ನಳಿಕೆಯಿಂದ, ಮೇಲೊಂದು ಹಿಡಿಯಿಂದ ಕೂಡಿಕೊಂಡಿವೆ. ಒಂದಕ್ಕೆ ಉದ್ದ ಕತ್ತು, ಇನ್ನೊಂದರ ಮೇಲೆ ಹಕ್ಕಿ. ನೀಲ್ ಹುಟ್ಟುವ ಮೊದಲು ಇವರು ಪೆರುವಿಗೆ ಕಣ್ಣಿನ ಶಿಬಿರಕ್ಕೆ ಹೋಗಿದ್ದಾಗ, ದೃಷ್ಟಿ ಬಂದ ಮುದುಕನೊಬ್ಬನ ಮನೆಯವರು ಕೊಟ್ಟದ್ದು. ಅರ್ಧ ನೀರು ತುಂಬಿಸಿ ವಾಲಿಸಿದರೆ ಹಕ್ಕಿ ಸಿಳ್ಳೆ ಹಾಕುತ್ತದೆ. ಕಣ್ಣು ತೋರಿಸಲು ಹೆದರುವ ಮಕ್ಕಳಿಗೆ ಇವರು ಅದನ್ನು ಆಡಿಸಿ ತೋರಿಸುತ್ತಿದ್ದರು.

ಇದು ಏನು, ಎಷ್ಟು ಹಳೆಯದು, ಇದನ್ನು ಏನು ಮಾಡಬೇಕು? ನೀನು ಹೇಳಬಲ್ಲೆ ಎನಿಸಿತು. ಹೇಳಲೇಬೇಕೆಂದಿಲ್ಲ.

ನಾನು ಬರೆದದ್ದು ನೀಲ್‌ಗೆ ಗೊತ್ತಿಲ್ಲ.

ವಾಸಂತಿ


ತ್ರುಹಿಯೊ ಹತ್ತಿರ, ಪೆರು
ಫೆಬ್ರವರಿ 6, 2024

ವಾಸಂತಿಯವರಿಗೆ ನಮಸ್ಕಾರ.

ಪತ್ರ ತಲುಪಿತು. ಮಾವನವರು ಹೋದ ಸುದ್ದಿ ಕೇಳಿದಾಗ ಎರಡು ಸಾಲು ಕಳಿಸಿದ್ದೆ. ಅಷ್ಟು ಸಾಲದು ಎಂದು ಆಗಲೂ ಗೊತ್ತಿತ್ತು.

ಪಾತ್ರೆಯ ಫೋಟೋ ಕಳಿಸಿ. ತಳ, ಕತ್ತು, ಹಕ್ಕಿಯ ತಲೆಯ ಹಿಂಭಾಗ, ಎರಡು ಗಡಿಗೆಗಳು ಸೇರುವ ಜಾಗ ಕಾಣುವಂತೆ, ಹಗಲಿನ ಬೆಳಕಿನಲ್ಲಿ ತೆಗೆಯಿರಿ. ತೊಳೆಯಬೇಡಿ. ನೀರು ತುಂಬಬೇಡಿ. ಹಿಡಿಯಿಂದ ಎತ್ತಬೇಡಿ, ಎರಡೂ ಕೈಯಲ್ಲಿ ಕೆಳಗಿನಿಂದ ಹಿಡಿಯಿರಿ.

ನೀವು ಬರೆದಂತೆಯೇ ಇದ್ದರೆ ಅದು ಚಿಮು ಜನರದ್ದು. ಕೊಲಂಬಸ್ ಈ ಕಡೆ ಬರುವ ಮೊದಲು, ಆರೇಳುನೂರು ವರ್ಷಗಳ ಹಿಂದೆ, ನಾನೀಗ ಇರುವ ಇದೇ ಕರಾವಳಿಯನ್ನು ಆಳಿದವರು. ಒಲೆಯ ಬಾಯಿ ಮುಚ್ಚಿ ಹೊಗೆಯಲ್ಲೇ ಸುಡುವುದರಿಂದ ಆ ಕಪ್ಪು ಬಣ್ಣ. ನೀರು ಒಂದು ಗಡಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಗಾಳಿಯನ್ನು ತಳ್ಳುತ್ತದೆ, ಹಕ್ಕಿಯ ತಲೆಯೊಳಗೆ ಸಣ್ಣ ಸಿಳ್ಳೆ ಇರುತ್ತದೆ. ಮಾಡಿದವರಿಗೆ ಬಹಳ ಕೈಚಳಕ ಬೇಕಿತ್ತು. ಯಾಕೆ ಮಾಡಿದರು ಎಂದು ಯಾರಿಗೂ ಖಚಿತವಾಗಿ ತಿಳಿಯದು. ಆ ಜನ ಬರೆದಿಟ್ಟವರಲ್ಲ. ಹೆಚ್ಚಿನವು ಗೋರಿಗಳಲ್ಲಿ ಸಿಕ್ಕಿವೆ.

ನಿಮ್ಮ ಭುಜದ ನೋವು ಈಗ ಹೇಗಿದೆ?

ಅಕ್ಷರಾ


ಥಾರ್ನ್‌ಹಿಲ್
ಫೆಬ್ರವರಿ 25, 2024

ಅಕ್ಷರಾ,

ಫೋಟೋಗಳನ್ನು ಕಳಿಸಿದ್ದೇನೆ. ಪಕ್ಕದ ಮನೆಯ ಇರಾನಿ ಹೆಂಗಸು ತೆಗೆದುಕೊಟ್ಟಳು. ಭುಜ ಹಾಗೇ ಇದೆ. ಹಿಮ ಗೋರುವ ಕೆಲಸಕ್ಕೆ ಜನ ಇಟ್ಟಿದ್ದೇನೆ.

ನಿನ್ನ ಪತ್ರ ಬರುವುದಕ್ಕೆ ಮೊದಲೇ ನಾನು ನೀರು ತುಂಬಿಸಿಬಿಟ್ಟಿದ್ದೆ. ಅವರು ಹಿಡಿಯುತ್ತಿದ್ದ ಹಾಗೆಯೇ ಹಿಡಿದು ಮೆಲ್ಲಗೆ ವಾಲಿಸಿದೆ. ಏನೂ ಕೇಳಲಿಲ್ಲ. ಆ ಕಡೆ, ಈ ಕಡೆ, ಬೇಗ, ನಿಧಾನ, ಎಲ್ಲ ನೋಡಿದೆ. ಬೇಸ್‌ಮೆಂಟಿನ ಚಳಿಗೆ ಬಿರುಕು ಬಿಟ್ಟಿರಬೇಕು, ಇವರ ಹಿಂದೆ ಇದರ ದನಿಯೂ ಹೋಯಿತು ಎಂದುಕೊಂಡು ನೀರು ಚೆಲ್ಲಿ ಒರೆಸಿಟ್ಟೆ. ಅವತ್ತು ಅಡುಗೆ ಮಾಡುವ ಮನಸ್ಸಾಗಲಿಲ್ಲ.

ಮುಂದಿನ ಭಾನುವಾರ ನೀಲ್ ಬಂದ. ಪಾತ್ರೆ ನೋಡಿ ಅವನ ಮುಖವೇ ಬದಲಾಯಿತು. ಚಿಕ್ಕವನಾಗಿದ್ದಾಗ ಶಾಲೆ ಬಿಟ್ಟ ಮೇಲೆ ಕ್ಲಿನಿಕ್ಕಿನಲ್ಲಿ ಕೂತಿರುತ್ತಿದ್ದನಲ್ಲ. ನಾನು ಬೇಡ ಎನ್ನುವುದರೊಳಗೆ ನಲ್ಲಿಯಡಿ ಹಿಡಿದು ತುಂಬಿಸಿ ವಾಲಿಸಿದ. ಅವನ ಕಣ್ಣಲ್ಲಿ ನೀರು ಬಂತು. ನಾನು “ಅದು ಕೆಟ್ಟಿದೆ ಕಣೋ, ಕೂಗೋದಿಲ್ಲ,” ಎಂದೆ.

ಅವನು ನನ್ನನ್ನೇ ನೋಡಿದ. “ಅಮ್ಮಾ, ಇಟ್ಸ್ ಸೋ ಲೌಡ್. ನಿಂಗೆ ಕೇಳಿಸ್ತಾನೇ ಇಲ್ವಾ?”

ಇನ್ನೊಂದು ಸಲ ವಾಲಿಸಿದ. ನಾನು ಹಕ್ಕಿಯ ತಲೆಯ ಮೇಲೆ ಬೆರಳಿಟ್ಟೆ. ಏನೋ ಸಣ್ಣಗೆ ನಡುಗಿದ ಹಾಗಾಯಿತು, ಅಷ್ಟೆ. ಮಿಷನ್ ಹಾಕಿಕೊಂಡು ಮತ್ತೆ ನೋಡಿದೆವು. ಇಲ್ಲ. ಹೆಚ್ಚು ತೀಕ್ಷ್ಣವಾದ ದನಿಗಳು ಮೊದಲು ಹೋಗುತ್ತವೆ ಎಂದು ಕಿವಿಯ ಡಾಕ್ಟರು ಹೇಳಿದ್ದರು. ಯಾವ ದನಿಗಳು ಎಂದು ನಾನು ಕೇಳಿರಲಿಲ್ಲ. ಈಗ ಊಟದ ಕೋಣೆಯಲ್ಲಿ ಇಟ್ಟಿದ್ದೇನೆ. ಹೋಗುತ್ತ ಬರುತ್ತ ನೋಡುತ್ತೇನೆ. ಅದು ಕೂಗುತ್ತದೆ, ನನಗೊಬ್ಬಳಿಗೆ ಕೇಳುವುದಿಲ್ಲ.

ನೀಲ್ ಅದನ್ನು ಅರೋರಾದ ತನ್ನ ಮನೆಗೆ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ಅಪ್ಪನ ನೆನಪಿಗೆ ತನಗೆ ಅದೊಂದೇ ಬೇಕಂತೆ. ಈ ಮನೆ ಮಾರಿದ ಮೇಲೆ ನಾನೂ ಅಲ್ಲಿಗೇ ಹೋಗುತ್ತೇನೆ, ಕೆಳಗೊಂದು ಕೋಣೆ ಇದೆ. ನೀನು ಬೇರೆಯವರಿಂದ ಕೇಳುವುದು ಬೇಡವೆಂದು ನಾನೇ ಹೇಳಿಬಿಡುತ್ತೇನೆ: ಅವನ ಮನೆಯ ಬಾಗಿಲಲ್ಲಿ ಎರಡು ಜೊತೆ ಹಿಮದ ಬೂಟುಗಳಿವೆ, ಒಂದು ಜೊತೆ ಹೆಂಗಸಿನದು.

ಗೋರಿಗಳಲ್ಲಿ ಸಿಕ್ಕಿವೆ ಎಂದು ಬರೆದೆಯಲ್ಲ. ಯಾರ ಗೋರಿಗಳು?

ವಾಸಂತಿ


ತ್ರುಹಿಯೊ ಹತ್ತಿರ
ಏಪ್ರಿಲ್ 9, 2024

ವಾಸಂತಿಯವರಿಗೆ,

ತಡವಾಯಿತು. ಬೂಟುಗಳ ವಿಷಯಕ್ಕಲ್ಲ. ಅದು ಮಾಧುರಿಯಿಂದ ಮೊದಲೇ ಗೊತ್ತಿತ್ತು.

ಫೋಟೋ ನೋಡಿದೆ. ಪಾತ್ರೆ ಅಸಲಿ. ತಳದ ಹತ್ತಿರ ಬಿಳಿಯಾಗಿ ಅಂಟಿಕೊಂಡಿರುವುದು ಸುಣ್ಣವಲ್ಲ, ಇಲ್ಲಿನ ಮಣ್ಣಿನ ಉಪ್ಪು. ನೂರಾರು ವರ್ಷ ನೆಲದೊಳಗೆ ಇದ್ದ ಪಾತ್ರೆಗೆ ಮಾತ್ರ ಹಾಗೆ ಕೂರುತ್ತದೆ. ಎಲ್ಲೋ ಒಂದು ಗೋರಿಯನ್ನು ಅಗೆದವರು ತೆಗೆದದ್ದು. ಕೊಟ್ಟವರಿಗೂ ಮಾವನವರಿಗೂ ಅದು ತಿಳಿದಿರಲಾರದು. ಆ ಕಾಲದಲ್ಲಿ ಇಂಥವು ಸಂತೆಯಲ್ಲಿ ಸಿಗುತ್ತಿದ್ದವಂತೆ. ದೇಶದಿಂದ ಹೊರಗೆ ಒಯ್ಯುವುದು ಆಗಲೂ ನಿಷಿದ್ಧವೇ. ಹಿಂದಿರುಗಿಸಬೇಕೆಂದರೆ ಟೊರಾಂಟೊದಲ್ಲೇ ಪೆರುವಿನ ಕಾನ್ಸುಲೇಟಿದೆ. ಅವರು ಪ್ರಶ್ನೆ ಹೆಚ್ಚು ಕೇಳದೆ ತೆಗೆದುಕೊಳ್ಳುತ್ತಾರೆ. ನಿರ್ಧಾರ ನಿಮ್ಮದು, ನೀಲ್‌ನದು.

ಯಾರ ಗೋರಿ ಎಂದು ಕೇಳಿದಿರಿ. ನಿಮ್ಮ ಪತ್ರ ಬಂದ ವಾರವೇ ಇಲ್ಲಿ ಒಳಚರಂಡಿಗೆ ಅಗೆಯುತ್ತಿದ್ದವರಿಗೆ ಒಂದು ಗೋರಿ ಸಿಕ್ಕಿತು. ನಮ್ಮನ್ನು ಕರೆದರು. ಹತ್ತಿ ಬಟ್ಟೆಯಲ್ಲಿ ಸುತ್ತಿದ ಮಗು. ತಲೆಯ ಬಳಿ ಮುಷ್ಟಿಯಷ್ಟು ದೊಡ್ಡ ಕಪ್ಪು ಪಾತ್ರೆ, ಅದರ ಮೇಲೂ ಒಂದು ಹಕ್ಕಿ. ಕೆಲಸದವರು ತಾವಾಗಿಯೇ ಟೋಪಿ ತೆಗೆದರು. ನಮ್ಮ ಲ್ಯಾಬಿನ ಹಿರಿಯಾಕೆ, ದಾರಿಯಲ್ಲಿ ಮಗು ಹೆದರಬಾರದೆಂದು ಇಟ್ಟಿರಬೇಕು ಎಂದಳು. ಇನ್ನೊಬ್ಬ, ಹಾಗಲ್ಲ, ಮಳೆ ಕರೆಯಲು ಎಂದ. ಪುಸ್ತಕಗಳಲ್ಲಿ ಇನ್ನೂ ಬೇರೆ ಬೇರೆ ಉತ್ತರಗಳಿವೆ: ಸತ್ತವರ ದನಿ, ಪೂಜಾರಿಯ ಉಸಿರು, ಪರ್ವತದಿಂದ ಬರುವ ನೀರು. ಗೊತ್ತಿಲ್ಲದ್ದಕ್ಕೆಲ್ಲ ನಮ್ಮ ಕಸುಬಿನಲ್ಲಿ ‘ಆಚರಣೆಯ ಪಾತ್ರೆ’ ಎಂದು ಬರೆಯುತ್ತೇವೆ. ಆಚರಿಸಿದವರು ಯಾರು, ಅವರಿಗೆ ಏನಾಗಿತ್ತು ಎಂದು ಬರೆಯಲು ಜಾಗವಿರುವುದಿಲ್ಲ.

ಅದನ್ನು ಟ್ರೇಯಲ್ಲಿಟ್ಟು ಬ್ರಶ್ಶಿನಿಂದ ಮಣ್ಣು ತೆಗೆಯುತ್ತ ಕೂತಿದ್ದೆ. ಕೈ ನಿಂತಿತು. ಮತ್ತೆ ಆಡಲಿಲ್ಲ. ಹಿರಿಯಾಕೆ ಬ್ರಶ್ ತೆಗೆದುಕೊಂಡು ನನ್ನನ್ನು ಹೊರಗೆ ಕಳಿಸಿದಳು. ಸಮುದ್ರದ ಕಡೆ ನಡೆದೆ. ಇಲ್ಲಿ ಬೆಳಿಗ್ಗೆಯೆಲ್ಲ ಮಂಜು, ಅಲೆ ಕೇಳುತ್ತದೆ, ಕಾಣುವುದಿಲ್ಲ.

ಆರು ವರ್ಷದಿಂದ ಯಾರನ್ನೂ ಕೇಳದ ಒಂದು ಮಾತನ್ನು ನಿಮ್ಮನ್ನು ಕೇಳುತ್ತೇನೆ. ಹೆರಿಗೆಯ ನಂತರ ನನಗೆ ಎಚ್ಚರ ಬಂದಾಗ ಎಲ್ಲ ಮುಗಿದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದರೆ ತೊಟ್ಟಿಲಿರಲಿಲ್ಲ, ಬಟ್ಟೆಗಳಿರಲಿಲ್ಲ, ಗೋಡೆಗೆ ಹೊಸ ಬಣ್ಣ ಬಳಿದಿತ್ತು. ಆ ಕೋಣೆಗೆ ಯಾರೂ ಬರುವುದೇ ಇರಲಿಲ್ಲವೇನೋ ಎನ್ನುವ ಹಾಗಿತ್ತು. ನೀಲ್ ಬಾಯಿ ಬಿಡಲಿಲ್ಲ. ನೀವು ಹೊತ್ತುಹೊತ್ತಿಗೆ ಸಾರನ್ನ ತಂದು ಕೊಟ್ಟಿರಿ, ನೀವೂ ಬಿಡಲಿಲ್ಲ.

ಅವಳನ್ನು ಏನು ಮಾಡಿದಿರಿ? ಎಲ್ಲಿದ್ದಾಳೆ?

ಅಕ್ಷರಾ


ಥಾರ್ನ್‌ಹಿಲ್
ಏಪ್ರಿಲ್ 10, 2024

ನನ್ನ ಅಕ್ಷರಾ,

ರಿಚ್‌ಮಂಡ್ ಹಿಲ್‌ನಲ್ಲಿದ್ದಾಳೆ. ಅಲ್ಲಿನ ಸ್ಮಶಾನದ ಒಂದು ಮೂಲೆಯನ್ನು ಮಕ್ಕಳಿಗೆಂದೇ ಬಿಟ್ಟಿದ್ದಾರೆ. ಬೇಲಿಗೆ ಅಂಟಿದ ಹಾಗೆ ಒಂದು ಮೇಪಲ್ ಮರ, ಅದರಿಂದ ಎರಡನೆಯ ಸಾಲು.

ನಿನಗೆ ಜ್ವರ ಏರಿ ಐಸಿಯುಗೆ ಹಾಕಿದ್ದರು. ನಿನ್ನ ಬಗ್ಗೆಯೂ ಡಾಕ್ಟರುಗಳು ಏನೂ ಹೇಳುತ್ತಿರಲಿಲ್ಲ. ನೀಲ್ ನಿನ್ನ ಹಾಸಿಗೆ ಬಿಟ್ಟು ಏಳಲಿಲ್ಲ. ಹಾಗಾಗಿ ನಾನೂ ನಿನ್ನ ಮಾವನೂ ಹೋದೆವು. ಮಕ್ಕಳನ್ನು ಸುಡುವುದು ಬೇಡ, ಮಣ್ಣಿಗೆ ಕೊಡೋಣ ಎಂದರು ಇವರು. ಹಿಮ ಅಲ್ಲಲ್ಲಿ ಉಳಿದಿತ್ತು. ಸ್ಮಶಾನದವನು ಪೆಟ್ಟಿಗೆ ಮುಚ್ಚುವ ಮೊದಲು, ಏನಾದರೂ ಇಡುವುದಿದೆಯೇ ಎಂದು ಕೇಳಿದ. ಇವರು ಇಲ್ಲ ಎಂದು ತಲೆಯಾಡಿಸಿದರು. ನಾನು ಚೀಲದಿಂದ ಕುಂಚಿಗೆ ತೆಗೆದೆ. ನಿನ್ನ ಅವ್ವ ಧಾರವಾಡದಿಂದ ಕಳಿಸಿದ್ದ ಇಳಕಲ್ ಸೀರೆಯ ಸೆರಗಿನಿಂದ ಹೊಲಿದಿದ್ದೆನಲ್ಲ, ಅದು. ತಲೆಗೆ ಹಾಕಿ ಕಟ್ಟಿದೆ. ಸ್ವಲ್ಪ ದೊಡ್ಡದಾಗುತ್ತಿತ್ತು. ಕೂದಲು ಬಹಳ ಇತ್ತು, ನಿನ್ನದೇ ಕೂದಲು. ಮೂಗು ನಮ್ಮ ಕಡೆಯದು.

ನಿಮ್ಮ ಪುಸ್ತಕಗಳಲ್ಲಿ ಹಲವು ಉತ್ತರಗಳಿವೆ ಎಂದು ಬರೆದಿದ್ದೀಯ. ನಾನು ಓದಿಕೊಂಡವಳಲ್ಲ, ಆದರೆ ಆ ಜಾಗದಲ್ಲಿ ನಿಂತವಳು. ನಾನು ಯಾಕೆ ಇಟ್ಟೆ ಎಂದು ಅವತ್ತು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರುತ್ತಿರಲಿಲ್ಲ. ಶಾಸ್ತ್ರದಲ್ಲಿ ಹೇಳಿಲ್ಲ, ಯಾರೂ ಮಾಡು ಎನ್ನಲಿಲ್ಲ. ಚಳಿ ಇತ್ತು, ಮಗು ಬರಿತಲೆಯಲ್ಲಿ ಹೋಗುತ್ತಿತ್ತು, ನನ್ನ ಕೈಯಲ್ಲಿ ಅದೊಂದಿತ್ತು. ನಿಮ್ಮ ಕರಾವಳಿಯ ಆ ತಾಯಿಗೂ ಅಜ್ಜಿಗೂ ಕೂಡ ಅರ್ಥ ಗೊತ್ತಿತ್ತೋ ಇಲ್ಲವೋ.

ತೊಟ್ಟಿಲು, ಬಟ್ಟೆ ತೆಗೆಸಿದ್ದು, ಬಣ್ಣ ಬಳಿಸಿದ್ದು ಇವರು. ನೀನು ನೋಡಿದರೆ ಸಹಿಸಲಾರೆ ಎಂದುಕೊಂಡರು. ನೀನು ಕೇಳಿದರೆ ಹೇಳೋಣವೆಂದು ನಾವು ಕಾದೆವು, ನಾವು ಹೇಳಲೆಂದು ನೀನು ಕಾದೆ. ಹಾಗೇ ವರ್ಷ ಕಳೆಯಿತು, ಆಮೇಲೆ ನೀನು ಹೊರಟೆ.

ಪ್ರತಿ ಏಪ್ರಿಲ್‌ನಲ್ಲಿ ಹೋಗಿ ಬರುತ್ತೇನೆ. ಮೊದಮೊದಲು ಇವರು ಕರೆದುಕೊಂಡು ಹೋಗುತ್ತಿದ್ದರು, ಈಗ ಯಂಗ್ ಸ್ಟ್ರೀಟಿನ ಬಸ್ಸಿನಲ್ಲಿ ಒಬ್ಬಳೇ. ಕಲ್ಲಿನ ಮೇಲಿನ ಎಲೆ ಗುಡಿಸಿ, ಒಂದಿಷ್ಟು ಹೊತ್ತು ಮಾತಾಡಿ ಬರುತ್ತೇನೆ. ಈ ವರ್ಷ ಇನ್ನೂ ಹೋಗಿಲ್ಲ. ಹೋದಾಗ ಅವಳಿಗೆ, ‘ನಿನ್ನ ಅಮ್ಮ ಕೇಳಿದಳು’ ಎಂದು ಹೇಳುತ್ತೇನೆ.

ವಾಸಂತಿ


ಥಾರ್ನ್‌ಹಿಲ್
ಜೂನ್ 16, 2024

ಅಕ್ಷರಾ,

ನಿನ್ನಿಂದ ಉತ್ತರ ಬಂದಿಲ್ಲ. ನಾನು ಕಾಯುತ್ತಿದ್ದೇನೆ ಎಂದು ಮಾತ್ರ ತಿಳಿ, ಒತ್ತಾಯವಿಲ್ಲ. ನಡೆದದ್ದೊಂದನ್ನು ನಿನಗೆ ಹೇಳಬೇಕು.

ನಿನಗೆ ಬರೆದದ್ದನ್ನೂ ನೀನು ತಿಳಿಸಿದ್ದನ್ನೂ ಹೇಳಿ, ಪಾತ್ರೆಯನ್ನು ಹಿಂದಕ್ಕೆ ಕೊಟ್ಟುಬಿಡೋಣ ಎಂದು ನೀಲ್‌ಗೆ ಹೇಳಿದೆ. ಅವನು ಒಪ್ಪಲಿಲ್ಲ. “ಅದು ಅಪ್ಪಂದು. ಯಾರೋ ಪ್ರೀತಿಯಿಂದ ಕೊಟ್ಟಿದ್ದು. ಅವರು ಕದ್ದಿಲ್ಲ,” ಎಂದ. ಇಲ್ಲ, ಕದ್ದಿಲ್ಲ ಎಂದೆ. “ಯಾರ ಗ್ರೇವ್ ಅಂತ ಯಾರಿಗೂ ಗೊತ್ತಿಲ್ಲ. ಸೆವೆನ್ ಹಂಡ್ರೆಡ್ ಇಯರ್ಸ್ ಆಯ್ತು. ಯಾರು ಕೇಳ್ತಾರೆ?” ಎಂದ. ನಾನು ವಾದ ಮಾಡಲಿಲ್ಲ. ಮುಂದಿನ ಶನಿವಾರ ನನ್ನನ್ನು ರಿಚ್‌ಮಂಡ್ ಹಿಲ್‌ಗೆ ಬಿಡು ಎಂದೆ. ಎಲ್ಲಿಗೆ ಎಂದು ಕೇಳಲಿಲ್ಲ. ದಾರಿ ಹೇಳುವ ಮೊದಲೇ ಅವನು ಸರಿಯಾದ ಗೇಟಿನ ಮುಂದೆ ಕಾರು ನಿಲ್ಲಿಸಿದ.

“ನಿನಗೆ ಗೊತ್ತಿತ್ತಾ?” ಎಂದೆ.

“ಅಪ್ಪ ಹೇಳಿದ್ರು. ಕೆಲಸಕ್ಕೆ ಹೋಗುವಾಗ ಇದೇ ರೋಡು. ಡೈಲಿ ಪಾಸ್ ಮಾಡ್ತೀನಿ. ಒಳಗೆ ಬಂದಿಲ್ಲ.”

ನಾನು ಇಳಿದೆ. ಅವನು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದ. ಎಲೆಗಳನ್ನು ಗುಡಿಸಿ ಮುಗಿಸುವಷ್ಟರಲ್ಲಿ ಹಿಂದೆ ಬಂದು ನಿಂತಿದ್ದ. ನನಗೆ ಹೆಜ್ಜೆ ಕೇಳಿರಲಿಲ್ಲ, ಹುಲ್ಲಿನ ಮೇಲೆ ನೆರಳು ಬಿದ್ದದ್ದು ನೋಡಿ ತಿರುಗಿದೆ. ಕಲ್ಲಿನ ಮೇಲೆ ಮಗುವಿನ ಹೆಸರಿಲ್ಲ. ಅಕ್ಷರಾ ಮತ್ತು ನೀಲ್ ಮಗಳು ಎಂದಿದೆ, ಕೆಳಗೆ ತಾರೀಖು. ನಿನ್ನ ಹೆಸರು ಮೊದಲು ಇರಲಿ ಎಂದದ್ದು ನಿನ್ನ ಮಾವ. ನೀಲ್ ಮಂಡಿಯೂರಿ ಕೂತು ಆ ಅಕ್ಷರಗಳ ಮೇಲೆ ಕೈಯಾಡಿಸಿದ. “ಎಷ್ಟು ಸಣ್ಣ ಕಲ್ಲು,” ಎಂದ.

ಕುಂಚಿಗೆಯ ವಿಷಯ ಹೇಳಿದೆ. ಅದು ಅವನಿಗೆ ಗೊತ್ತಿರಲಿಲ್ಲ. ನಾನು ಕೇಳಿದೆ: ಎಂದೋ ಒಂದು ದಿನ, ನಾವ್ಯಾರೂ ಇಲ್ಲದಾಗ, ಯಾರೋ ಇಲ್ಲಿ ಅಗೆದು ಆ ಕುಂಚಿಗೆ ತೆಗೆದುಕೊಂಡು ಹೋಗಿ ಮನೆಯ ಬೀರುವಿನಲ್ಲಿ ಇಟ್ಟುಕೊಂಡರೆ? ಬಂದವರಿಗೆಲ್ಲ, ನೋಡಿ ಎಷ್ಟು ಚೆನ್ನಾಗಿದೆ ಎಂದು ತೋರಿಸಿದರೆ?

“ದಟ್ಸ್ ನಾಟ್ ಫೇರ್, ಅಮ್ಮಾ,” ಎಂದ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ. ಇಷ್ಟು ದೊಡ್ಡ ಗಂಡಸು, ಮಗು ಹೋದಾಗ ಅಳಲಿಲ್ಲ, ಅಪ್ಪ ಹೋದಾಗ ಅಳಲಿಲ್ಲ. ಆ ಅಳು ನನಗೆ ಚೆನ್ನಾಗಿ ಕೇಳಿಸಿತು.

ಮನೆಯ ಮುಂದೆ ಕಾರು ನಿಲ್ಲಿಸಿ, “ಅದನ್ನ ಹೇಗೆ ಪ್ಯಾಕ್ ಮಾಡೋದು ಅಂತ ಅಕ್ಷರಾನ ಕೇಳು,” ಎಂದ. ನೀನು ಹೋದ ಮೇಲೆ ಅವನ ಬಾಯಲ್ಲಿ ನಿನ್ನ ಹೆಸರು ಕೇಳಿದ್ದು ಇದೇ ಮೊದಲು.

ಅದಕ್ಕೇ ಕೇಳುತ್ತಿದ್ದೇನೆ.

ವಾಸಂತಿ


ತ್ರುಹಿಯೊ ಹತ್ತಿರ
ಜುಲೈ 3, 2024

ಅತ್ತೆ,

ಬೇರೆ ಶಬ್ದ ನನಗೂ ಸಿಗಲಿಲ್ಲ. ಇದೇ ಇರಲಿ.

ಏಪ್ರಿಲ್‌ನ ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ಕೂತಾಗಲೆಲ್ಲ ‘ಕೂದಲು ಬಹಳ ಇತ್ತು’ ಎನ್ನುವಲ್ಲಿಗೆ ನಿಂತುಬಿಡುತ್ತಿದ್ದೆ. ಅವಳಿಗೆ ಕೂದಲಿತ್ತು ಎಂದು ನನಗೆ ಗೊತ್ತಿರಲಿಲ್ಲ. ಮುಖವಿಲ್ಲದ ಮಗುವನ್ನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದೆ. ಈಗ ಮೂಗು ನಿಮ್ಮ ಕಡೆಯದು, ಕೂದಲು ನನ್ನದು.

ಆ ಕುಂಚಿಗೆಯನ್ನು ಮನೆಯಲ್ಲೆಲ್ಲ ಹುಡುಕಿದ್ದೆ. ಸಿಗದಿದ್ದಾಗ ನೀವೇ ಬಿಸಾಡಿದ್ದೀರಿ ಎಂದುಕೊಂಡೆ. ಆ ದಿನದಿಂದ ನೀವು ತಂದ ಊಟವನ್ನು ತಟ್ಟೆಯಲ್ಲೇ ಬಿಡುತ್ತಿದ್ದೆ. ಅದನ್ನು ನಿಮಗೆ ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಪ್ಯಾಕ್ ಮಾಡುವುದು ಹೀಗೆ. ಪಾತ್ರೆಯೊಳಗೆ ನೀರಿನ ಪಸೆ ಇರಬಾರದು, ಒಂದೆರಡು ವಾರ ನೆರಳಲ್ಲಿ ಒಣಗಲಿ. ಬಣ್ಣವಿಲ್ಲದ ಟಿಶ್ಯೂ ಕಾಗದವನ್ನು ಉಂಡೆ ಮಾಡಿ ಎರಡು ಗಡಿಗೆಗಳ ನಡುವಿನ ಸಂದಿಗೆ ತುಂಬಿ, ಭಾರ ನಳಿಕೆಯ ಮೇಲೆ ಬೀಳಬಾರದು. ಹಕ್ಕಿಯ ಕೊಕ್ಕಿಗೆ ಏನೂ ತಾಗದಿರಲಿ. ಎರಡು ಪೆಟ್ಟಿಗೆ, ಒಂದರೊಳಗೊಂದು, ನಡುವೆ ಫೋಮ್. ನೀಲ್‌ಗೆ ಕೊಡಿ, ಅವನು ಇಂಥದ್ದನ್ನು ಅಚ್ಚುಕಟ್ಟಾಗಿ ಮಾಡುತ್ತಾನೆ.

ಅಕ್ಟೋಬರ್‌ನಲ್ಲಿ ನನಗೆ ರಜೆ ಇದೆ. ಹಿಮ ಬೀಳುವ ಮೊದಲು ಬರುತ್ತೇನೆ. ಮಾಧುರಿಯ ಮನೆಯಲ್ಲಿ ಇಳಿದುಕೊಳ್ಳುತ್ತೇನೆ. ಅವಳು “ಕರದುಕೊಂಡ ಹೋಗ್ತೀನಿ, ಹೊರಗ ಕಾರಿನ್ಯಾಗ ಕುಂದ್ರತೀನಿ,” ಎಂದಿದ್ದಾಳೆ. ನೀವು ಜೊತೆಗೆ ಬರುವಿರಾ?

ಅಕ್ಷರಾ


ಅರೋರಾ
ಸೆಪ್ಟೆಂಬರ್ 15, 2024

ಅಕ್ಷರಾ,

ಬರುತ್ತೇನೆ. ಕೇಳಬೇಕೇ?

ಮನೆ ಹೋಯಿತು. ಇಲ್ಲಿ ನನ್ನ ಕಿಟಕಿಯ ಎದುರು ಹೊಸ ಮನೆಗಳು, ಎಲ್ಲವೂ ಒಂದೇ ಥರ. ನೀಲ್, ಅವಳು ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆ ನನ್ನದೇ. ಒಳ್ಳೆಯ ಹುಡುಗಿ, ನನ್ನ ಮುಖ ನೋಡಿ ನಿಧಾನವಾಗಿ ಮಾತಾಡುತ್ತಾಳೆ.

ಪಾತ್ರೆಯನ್ನು ನಾನೂ ನೀಲ್‌ನೂ ಹೋಗಿ ಕೊಟ್ಟು ಬಂದೆವು. ಕಾನ್ಸುಲೇಟಿನ ಹೆಂಗಸು ಪೆಟ್ಟಿಗೆ ಬಿಚ್ಚಿ ನೋಡಿ, ಎರಡೂ ಕೈಯಿಂದ ಕೆಳಗಿನಿಂದ ಹಿಡಿದು ಎತ್ತಿದಳು. ಅದು ನೋಡಿ ನನಗೆ ಸಮಾಧಾನವಾಯಿತು. ಹೊರಗೆ ಬಂದ ಮೇಲೆ ನೀಲ್ ಫೋನು ತೋರಿಸಿದ. ಒಣಗಿಸುವ ಮೊದಲು ಒಂದು ಸಲ ಸಿಳ್ಳೆ ಹಾಕಿಸಿ ರೆಕಾರ್ಡ್ ಮಾಡಿಕೊಂಡಿದ್ದಾನೆ. “ಅಪ್ಪಂಗೋಸ್ಕರ,” ಎಂದ. ಇರಲಿ ಬಿಡು ಎಂದೆ.

ನೀನು ಬರುವುದನ್ನು ಅವನಿಗೆ ಹೇಳಿದ್ದೇನೆ. ಆ ದಿನ ಕೆಲಸಕ್ಕೆ ರಜೆ ಹಾಕಿದ್ದಾನೆ ಎಂದು ಅವಳಿಂದ ತಿಳಿಯಿತು.

ನಿನ್ನ ಅತ್ತೆ


ತ್ರುಹಿಯೊ ಹತ್ತಿರ
ಅಕ್ಟೋಬರ್ 27, 2024

ಅತ್ತೆ,

ಸುಖವಾಗಿ ತಲುಪಿದೆ. ನೀವು ಕಟ್ಟಿಕೊಟ್ಟ ಚಟ್ನಿಪುಡಿ ಲೀಮಾದಲ್ಲಿ ಕಸ್ಟಮ್ಸಿನವರು ಬಿಚ್ಚಿ ನೋಡಿ ಬಿಟ್ಟರು.

ನಾವು ಮೂವರೂ ಅವಳ ಕಲ್ಲಿನ ಮುಂದೆ ನಿಂತೆವು. ನೀಲ್‌ಗೆ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ನಾನು ಮಣ್ಣಿನ ಮೇಲೆ ಕೈಯಿಟ್ಟು ಕೂತಾಗ ಅವನು ತನ್ನ ಕೋಟು ತೆಗೆದು ನನ್ನ ಬೆನ್ನಿಗೆ ಹಾಕಿದ, ಆಮೇಲೆ ದೂರ ಹೋಗಿ ನಿಂತ. ಹೊರಡುವಾಗ “ಸಾರಿ” ಎಂದ. ನಾನು “ನಂದೂ” ಎಂದೆ. ಇನ್ನೇನೂ ಇರಲಿಲ್ಲ. ಅವನು ಅವನ ಮನೆಗೆ ಹೋಗಬೇಕು, ನಾನು ನನ್ನ ಕೆಲಸಕ್ಕೆ. ಮಾಧುರಿ ಹೊರಗೆ ಕಾರಿನಲ್ಲಿ ಕಾಯುತ್ತ ನನಗಿಂತ ಹೆಚ್ಚು ಅತ್ತಿದ್ದಳು.

ನಿಮ್ಮ ಪಾತ್ರೆ ಲೀಮಾಗೆ ಬಂದಿದೆಯಂತೆ. ನಮ್ಮಲ್ಲಿಗೆ ಬರುವುದಿಲ್ಲ, ಅಲ್ಲೇ ಉಗ್ರಾಣದಲ್ಲಿ ಇಡುತ್ತಾರೆ. ಯಾವ ಗೋರಿಯದು ಎಂದು ತಿಳಿಯದ್ದರಿಂದ ಇಟ್ಟವರ ಹತ್ತಿರ ಅದನ್ನು ತಲುಪಿಸಲು ಆಗುವುದಿಲ್ಲ. ಇಂಥ ಪಾತ್ರೆಗಳು ಅಲ್ಲಿ ಸಾಲು ಸಾಲು ಕೂತಿವೆ. ನೀವು ಕೇಳುತ್ತೀರೆಂದು ಇದ್ದದ್ದನ್ನು ಹೇಳಿದ್ದೇನೆ.

ಬರುವಾಗ ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ಈ ಊರ ಕಡೆಯ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಮಿಸ್ಸಿಸಾಗಾದಲ್ಲಿ ಮಗನ ಮನೆಗೆ ಹೋಗಿ ಬರುತ್ತಿದ್ದವರು. ಮೊಮ್ಮಕ್ಕಳ ಫೋಟೋಗಳನ್ನೆಲ್ಲ ತೋರಿಸಿದರು. ಆಮೇಲೆ, ನೀವು ಟೊರಾಂಟೊಗೆ ಯಾರನ್ನು ನೋಡಲು ಹೋಗಿದ್ದಿರಿ ಎಂದು ಕೇಳಿದರು.

“ಮಗಳನ್ನು,” ಎಂದೆ.

ಯಾರ ಮುಂದೆಯೂ ಹಾಗೆ ಹೇಳಿದವಳಲ್ಲ ನಾನು. ಅವರು ಬಹಳ ಸಹಜವಾಗಿ ತಲೆಯಾಡಿಸಿ, ಎಷ್ಟು ವಯಸ್ಸು ಎಂದರು.

ಆರು ತುಂಬಿ ಏಳು ನಡೆಯುತ್ತಿದೆ, ಅಜ್ಜಿಯ ಹತ್ತಿರ ಇದ್ದಾಳೆ ಎಂದೆ.

ನಿಮ್ಮ
ಅಕ್ಷರಾ